ನೆಟ್‌ವರ್ಕಿಂಗ್ ವೃತ್ತಿ: ವರ್ಷಕ್ಕೊಂದು ಗುರಿ ಇಟ್ಟುಕೊಳ್ಳುವುದು ಹೇಗೆ?

ಗದಗ: ‘ಸರ್ವರ್ ಡೌನ್ ಐತಿ, ನಾಳೆ ಬರ್ರಿ.’ ಪಹಣಿ ಪಡೆಯಲು ಅಥವಾ ಪಡಿತರ ಚೀಟಿ ತಿದ್ದಿಸಲು ಸರಕಾರಿ ಕಚೇರಿಯ ಮುಂದೆ ಸರದಿಯಲ್ಲಿ ನಿಂತವರಲ್ಲಿ ಈ ಮಾತನ್ನು ಕೇಳದವರು ವಿರಳ. ಆದರೆ ಹೀಗೆ ಹೇಳಿದಾಗಲೆಲ್ಲ ಸರ್ವರ್ ಕೆಟ್ಟಿರುತ್ತದೆ ಎಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನಲ್ಲಿರುವ ಸರ್ವರ್ ಸುಸ್ಥಿತಿಯಲ್ಲಿದ್ದು, ಅಲ್ಲಿಂದ ತಾಲೂಕು ಕೇಂದ್ರದವರೆಗಿನ ಸಂಪರ್ಕಜಾಲದಲ್ಲಿ ಎಲ್ಲಿಯೋ ಒಂದು ಕೊಂಡಿ ಕಳಚಿರಬಹುದು. ರಸ್ತೆ ಅಗೆಯುವಾಗ ತುಂಡಾದ ಫೈಬರ್, ಸಿಡಿಲಿಗೆ ಸುಟ್ಟ ಸ್ವಿಚ್, ತಪ್ಪಾಗಿ ಬರೆದ ಒಂದು ಸಾಲಿನ ಆದೇಶ, ಇವುಗಳಲ್ಲಿ ಯಾವುದಾದರೂ ಇಡೀ ಕಚೇರಿಯನ್ನು ಸ್ಥಗಿತಗೊಳಿಸಬಲ್ಲದು.

ಈ ಕೊಂಡಿಯನ್ನು ಹುಡುಕಿ ಸರಿಪಡಿಸುವವರೇ ನೆಟ್‌ವರ್ಕಿಂಗ್ ತಂತ್ರಜ್ಞರು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದಿಂದ ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಪದವಿ ಮುಗಿಸಿ ಹುಬ್ಬಳ್ಳಿ, ಬೆಂಗಳೂರುಗಳಿಗೆ ತೆರಳುವ ಯುವಕ ಯುವತಿಯರಲ್ಲಿ ಈ ವೃತ್ತಿಯನ್ನು ಆರಿಸಿಕೊಳ್ಳುವವರಿದ್ದಾರೆ. ಅವರೆಲ್ಲರೂ ಮೊದಲು ಎದುರಿಸುವ ಪ್ರಶ್ನೆಗಳು ಮೂರು. ಯಾವ ಸರ್ಟಿಫಿಕೇಟ್ ಪರೀಕ್ಷೆ ಬರೆಯಬೇಕು? ಯಾವಾಗ ಬರೆಯಬೇಕು? ಅದರ ನಂತರ ಮುಂದೇನು? ಉತ್ತರ ತಿಳಿಯದೆ ಹಣ ಸುರಿದು, ಎರಡು ಮೂರು ಸರ್ಟಿಫಿಕೇಟುಗಳನ್ನು ಪಡೆದೂ ಕೆಲಸ ಸಿಗದೆ ಊರಿಗೆ ಹಿಂದಿರುಗುವ ಅಪಾಯ ಇಲ್ಲದಿಲ್ಲ. ಆದುದರಿಂದ ವರ್ಷವಾರು ಗುರಿಯನ್ನು ನಿಗದಿಪಡಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕೆಲಸ ಇರುವುದು ಎಲ್ಲಿ?

ನೆಟ್‌ವರ್ಕಿಂಗ್ ಎಂದೊಡನೆ ಬೆಂಗಳೂರಿನ ಗಾಜಿನ ಕಟ್ಟಡಗಳೇ ಕಣ್ಮುಂದೆ ಬರುವುದು ಸಹಜ. ಸಿಸ್ಕೊ ಸಂಸ್ಥೆ 2007ರಲ್ಲಿ ಅಲ್ಲಿ ತನ್ನ ಪೂರ್ವ ಗೋಳಾರ್ಧದ ಕೇಂದ್ರವನ್ನು ತೆರೆದ ಮೇಲಂತೂ ಈ ಕಲ್ಪನೆ ಇನ್ನಷ್ಟು ಬಲವಾಯಿತು. ಆದರೆ ಸಂಪರ್ಕಜಾಲ ನಮ್ಮ ಜಿಲ್ಲೆಗೂ ಹೊಸದಲ್ಲ. ರಾಜ್ಯ ಸರಕಾರ 2000ದ ಸುಮಾರಿಗೆ ‘ಭೂಮಿ’ ಯೋಜನೆಯ ಮೂಲಕ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅನಂತರ ಜಿಲ್ಲಾ ಹಾಗೂ ತಾಲೂಕು ಕಚೇರಿಗಳನ್ನು ರಾಜ್ಯವ್ಯಾಪಿ ಜಾಲವಾದ ಕೆ-ಸ್ವಾನ್ ಒಂದುಗೂಡಿಸಿತು. 2014ರಿಂದ ಕೃಷಿ ಉತ್ಪನ್ನ ಮಾರುಕಟ್ಟೆಗಳ ಹರಾಜು ಆನ್‌ಲೈನ್ ಆಗತೊಡಗಿತು. ಇಂದು ಸಹಕಾರಿ ಬ್ಯಾಂಕುಗಳ ಶಾಖೆಗಳು, ವೈದ್ಯಕೀಯ ಕಾಲೇಜು, ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳು, ಕಪ್ಪತಗುಡ್ಡದ ಸುತ್ತಮುತ್ತಲಿನ ಗಾಳಿಯಂತ್ರಗಳ ನಿಯಂತ್ರಣ ವ್ಯವಸ್ಥೆ, ಮನೆಮನೆಗೆ ಫೈಬರ್ ಎಳೆಯುವ ಸ್ಥಳೀಯ ಇಂಟರ್‌ನೆಟ್ ಸೇವಾದಾರರು, ಇವೆಲ್ಲವೂ ಜಾಲವನ್ನೇ ಅವಲಂಬಿಸಿವೆ.

ಇದರ ಜೊತೆಗೆ ಭಾರತ್‌ನೆಟ್ ಯೋಜನೆ ಇದೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಸಂಪರ್ಕ ಕಲ್ಪಿಸುವ ಈ ಯೋಜನೆಗೆ 2011ರಲ್ಲಿ ಕೇಂದ್ರ ಸರಕಾರ ಒಪ್ಪಿಗೆ ನೀಡಿತು. ಆರಂಭದಲ್ಲಿ ಫೈಬರನ್ನು ತಾಲೂಕು ಕೇಂದ್ರದಿಂದ ಪಂಚಾಯಿತಿಗೆ ಒಂದೇ ದಾರಿಯಲ್ಲಿ ಎಳೆಯಲಾಗುತ್ತಿತ್ತು. ದಾರಿಯಲ್ಲಿ ಒಂದೆಡೆ ತುಂಡಾದರೆ ಅದರಾಚೆಯ ಊರುಗಳೆಲ್ಲ ಕತ್ತಲಲ್ಲಿ ಉಳಿಯುತ್ತಿದ್ದವು. 2023ರ ಆಗಸ್ಟ್‌ನಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಗಳ ತಿದ್ದುಪಡಿ ಯೋಜನೆಗೆ ಅನುಮೋದನೆ ದೊರೆಯಿತು. ಇದರಲ್ಲಿ ಫೈಬರನ್ನು ಉಂಗುರದ ಆಕಾರದಲ್ಲಿ ಎಳೆಯುವ ಕ್ರಮವಿದೆ. ಒಂದು ಬದಿ ತುಂಡಾದರೆ ಮಾಹಿತಿ ಇನ್ನೊಂದು ಬದಿಯಿಂದ ಸುತ್ತಿ ಬರುತ್ತದೆ. ಹೀಗೆ ದಾರಿ ಬದಲಿಸುವ ನಿರ್ಧಾರವನ್ನು ಕೈಗೊಳ್ಳುವ ಸಾಧನವೇ ರೂಟರ್. ಆ ರೂಟರಿಗೆ ಬುದ್ಧಿ ಹೇಳಿಕೊಡುವವರು ಬೇಕು. ಅಂದರೆ ಈ ವೃತ್ತಿಗೆ ಬೇಕಾದ ಜ್ಞಾನ ಬೆಂಗಳೂರಿನಲ್ಲಿ ಎಷ್ಟು ಸಲ್ಲುತ್ತದೆಯೋ ಮುಂಡರಗಿಯಲ್ಲಿಯೂ ಅಷ್ಟೇ ಸಲ್ಲುತ್ತದೆ.

ಸರ್ಟಿಫಿಕೇಟಿಗೂ ಆಯುಷ್ಯವಿದೆ

ವಿಶ್ವವಿದ್ಯಾಲಯದ ಪದವಿ ಜೀವನಪರ್ಯಂತ ಉಳಿಯುತ್ತದೆ. ಆದರೆ ಈ ಕ್ಷೇತ್ರದ ಸರ್ಟಿಫಿಕೇಟುಗಳಿಗೆ ಅವಧಿ ನಿಗದಿಯಾಗಿದೆ. ಯೋಜನೆ ರೂಪಿಸುವವರು ಮೊಟ್ಟಮೊದಲು ಮನಗಾಣಬೇಕಾದ ಸಂಗತಿ ಇದು.

ಅತ್ಯಂತ ಪರಿಚಿತವಾದ ಸಿಸಿಎನ್‌ಎ ಪರೀಕ್ಷೆಯನ್ನು ಸಿಸ್ಕೊ 1998ರಲ್ಲಿ ಆರಂಭಿಸಿತು. ಅದಕ್ಕಿಂತ ಮೊದಲೇ, 1993ರಲ್ಲಿ, ತಜ್ಞರ ಹಂತದ ಸಿಸಿಐಇ ಆರಂಭವಾಗಿತ್ತು. ಇವೆರಡರ ನಡುವಿನ ಮೆಟ್ಟಿಲು ಸಿಸಿಎನ್‌ಪಿ. ಈಗ ಮೂರಕ್ಕೂ ಮೂರು ವರ್ಷಗಳ ಅವಧಿ. ಕಂಪನಿಯ ಹಂಗಿಲ್ಲದ ಕಾಂಪ್‌ಟಿಯಾ ನೆಟ್‌ವರ್ಕ್ ಪ್ಲಸ್, ಜೂನಿಪರ್ ಸಂಸ್ಥೆಯ ಜೆಎನ್‌ಸಿಐಎ ಹಾಗೂ ಅಮೆಜಾನ್‌ನ ಕ್ಲೌಡ್ ಪರೀಕ್ಷೆಗಳಿಗೂ ಸಾಮಾನ್ಯವಾಗಿ ಮೂರು ವರ್ಷಗಳದೇ ಲೆಕ್ಕ. ಮೈಕ್ರೊಸಾಫ್ಟ್‌ನ ಅಜೂರ್ ಅಸೋಸಿಯೇಟ್ ಹಂತದವು ಒಂದೇ ವರ್ಷ ಬಾಳುತ್ತವೆಯಾದರೂ ಅವುಗಳ ನವೀಕರಣ ಆನ್‌ಲೈನ್‌ನಲ್ಲಿ ಉಚಿತವಾಗಿ ನಡೆಯುತ್ತದೆ.

ಅವಧಿ ಮೀರಿದರೆ ಮೊದಲಿನಿಂದ ಪರೀಕ್ಷೆ ಬರೆಯಬೇಕು. ಕೆಲವೊಮ್ಮೆ ಪರೀಕ್ಷೆಯೇ ಇಲ್ಲವಾಗುತ್ತದೆ. ಒಂದು ಕಾಲದಲ್ಲಿ ತರಬೇತಿ ಕೇಂದ್ರಗಳ ಫಲಕಗಳಲ್ಲಿ ದೊಡ್ಡದಾಗಿ ಮಿಂಚುತ್ತಿದ್ದ ಮೈಕ್ರೊಸಾಫ್ಟ್‌ನ ಎಂಸಿಎಸ್‌ಇ ಪರೀಕ್ಷೆಗಳು 2021ರ ಜನವರಿ 31ಕ್ಕೆ ಕೊನೆಗೊಂಡವು. ಸಿಸ್ಕೊ ಕೂಡ 2020ರ ಫೆಬ್ರುವರಿ 24ರಂದು ಅಲ್ಲಿಯವರೆಗಿದ್ದ ಹಲವು ಬಗೆಯ ಸಿಸಿಎನ್‌ಎಗಳನ್ನು ಒಟ್ಟುಗೂಡಿಸಿ ಒಂದೇ ಪರೀಕ್ಷೆಯನ್ನಾಗಿ ಮಾಡಿತು. 2024ರ ಆಗಸ್ಟ್‌ನಲ್ಲಿ ಅದರ ಪಠ್ಯಕ್ರಮಕ್ಕೆ ಕೃತಕ ಬುದ್ಧಿಮತ್ತೆ ಹಾಗೂ ಕ್ಲೌಡ್ ಮೂಲಕ ಜಾಲ ನಿರ್ವಹಣೆಯ ಪ್ರಾಥಮಿಕ ವಿಷಯಗಳು ಸೇರಿದವು. ಹೀಗಾಗಿ ಐದು ವರ್ಷ ಹಿಂದಿನ ಪುಸ್ತಕವನ್ನು ಹಳೆಯ ಬೆಲೆಗೆ ಕೊಂಡು ಓದುವುದು ಉಳಿತಾಯವಾಗಲಾರದು.

ವೆಚ್ಚದ ಲೆಕ್ಕ

ಸಿಸಿಎನ್‌ಎ ಪರೀಕ್ಷಾ ಶುಲ್ಕ 300 ಡಾಲರ್. ನಮ್ಮ ರೂಪಾಯಿಯಲ್ಲಿ ಇದು 25 ಸಾವಿರವನ್ನು ದಾಟುತ್ತದೆ, ತೆರಿಗೆ ಬೇರೆ. ಅನುತ್ತೀರ್ಣರಾದರೆ ಐದು ದಿನಗಳ ನಂತರ ಮತ್ತೆ ಬರೆಯಬಹುದು, ಆದರೆ ಶುಲ್ಕವನ್ನು ಮತ್ತೊಮ್ಮೆ ಪೂರ್ತಿಯಾಗಿ ಕಟ್ಟಬೇಕು. ಸಿಸಿಎನ್‌ಪಿಗೆ ಎರಡು ಪರೀಕ್ಷೆಗಳಿವೆ. ಪ್ರಧಾನ ಪರೀಕ್ಷೆಗೆ 400 ಡಾಲರ್, ವಿಶೇಷ ವಿಷಯದ ಪರೀಕ್ಷೆಗೆ 300 ಡಾಲರ್. ಒಕ್ಕಲುತನದ ಮನೆಯಿಂದ ಬಂದವರಿಗೆ, ಮಗ್ಗದ ದುಡಿಮೆಯನ್ನೇ ನಂಬಿದ ಬೆಟಗೇರಿಯ ಕುಟುಂಬಗಳಿಗೆ ಇದು ಸಣ್ಣ ಮೊತ್ತವಲ್ಲ. ಸಾಲ ಮಾಡಿ ಪರೀಕ್ಷೆ ಕಟ್ಟುವ ಮುನ್ನ ‘ಈ ವರ್ಷ ಇದು ನನಗೆ ಏಕೆ ಬೇಕು’ ಎಂದು ಕೇಳಿಕೊಳ್ಳಲೇಬೇಕಾದುದು ಈ ಕಾರಣದಿಂದ.

ಸಮಾಧಾನದ ಸಂಗತಿಯೆಂದರೆ ಕಲಿಕೆಗೆ ತಗಲುವ ವೆಚ್ಚ ಬಹಳ ಕಡಿಮೆ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ‘ಪ್ಯಾಕೆಟ್ ಟ್ರೇಸರ್’ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಕಂಪ್ಯೂಟರಿನ ಪರದೆಯ ಮೇಲೆಯೇ ರೂಟರ್, ಸ್ವಿಚ್‌ಗಳನ್ನು ಜೋಡಿಸಿ ಅಭ್ಯಾಸ ಮಾಡಬಹುದು. ಜಾಲದಲ್ಲಿ ಹರಿಯುವ ಮಾಹಿತಿಯನ್ನು ಬಿಡಿಸಿ ತೋರಿಸುವ ವೈರ್‌ಶಾರ್ಕ್, ದೊಡ್ಡ ಜಾಲಗಳ ಮಾದರಿ ರಚಿಸುವ ಜಿಎನ್‌ಎಸ್3 ಕೂಡ ಉಚಿತ. ನಿಜವಾದ ಸಾಧನವನ್ನೇ ಮುಟ್ಟಿ ನೋಡಬೇಕೆನ್ನುವವರು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಳಸಿದ ಸ್ವಿಚ್‌ಗಳನ್ನು ವಿಚಾರಿಸಬಹುದು. ನಾಲ್ವರು ಸ್ನೇಹಿತರು ಸೇರಿ ಕೊಂಡರೆ ಹೊರೆ ಹಗುರಾಗುತ್ತದೆ. 1905ರಲ್ಲಿ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ ನೆಲದವರಿಗೆ ಕೂಡಿ ಮಾಡುವ ಕೆಲಸದ ಲಾಭವನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಮೊದಲ ವರ್ಷ: ಅಡಿಪಾಯ

ಉದಾಹರಣೆಗಾಗಿ ಮುಂಡರಗಿಯ ಒಬ್ಬ ಯುವಕನನ್ನು ಊಹಿಸಿಕೊಳ್ಳೋಣ. ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮುಗಿಸಿರುವ ಆತ ಗದಗಿನ ಒಂದು ಇಂಟರ್‌ನೆಟ್ ಸೇವಾ ಕಚೇರಿಯಲ್ಲಿ ಕಡಿಮೆ ಸಂಬಳಕ್ಕೆ ಸೇರಿದ್ದಾನೆ. ಮನೆಗಳಿಗೆ ಹೋಗಿ ಸಂಪರ್ಕ ಕೊಡುವುದು, ದೂರು ಬಂದರೆ ಸರಿಪಡಿಸುವುದು ಅವನ ಕೆಲಸ. ಈತನ ಮೊದಲ ವರ್ಷದ ಗುರಿ ಸಿಸಿಎನ್‌ಎ.

ಭೂಮಿ ನೋಡಿ ಬೆಳೆ ನಿರ್ಧರಿಸುವ ನಮ್ಮ ರೈತ ಮುಂಗಾರಿಯಲ್ಲಿ ಹೆಸರು, ಹಿಂಗಾರಿಯಲ್ಲಿ ಕಡಲೆ ಎಂದು ವರ್ಷವನ್ನು ಎರಡಾಗಿ ವಿಂಗಡಿಸುತ್ತಾನೆ. ಅದೇ ಕ್ರಮ ಇಲ್ಲಿಯೂ ಉಪಯುಕ್ತ. ಮೊದಲ ಆರು ತಿಂಗಳು ಓದು ಮತ್ತು ಅಭ್ಯಾಸ, ನಂತರದ ಆರು ತಿಂಗಳು ಪುನರಾವರ್ತನೆ, ಪರೀಕ್ಷೆ ಹಾಗೂ ಕಲಿತುದರ ಬಳಕೆ. ವಾರಕ್ಕೆ 8 ಗಂಟೆ ಮೀಸಲಿಟ್ಟರೆ 26 ವಾರಗಳಲ್ಲಿ 208 ಗಂಟೆಗಳ ಅಭ್ಯಾಸವಾಗುತ್ತದೆ. ಜೊತೆಯಲ್ಲಿಯೇ ತಿಂಗಳಿಗೆ ಎರಡೂವರೆ ಸಾವಿರ ರೂಪಾಯಿ ತೆಗೆದಿಡುತ್ತ ಹೋದರೆ ವರ್ಷಾಂತ್ಯದ ವೇಳೆಗೆ 30 ಸಾವಿರವಾಗುತ್ತದೆ. ಸಾಲದ ಮಾತೇ ಬೇಡ.

ಪರೀಕ್ಷೆಯ ಅವಧಿ 120 ನಿಮಿಷ. ಅದರಲ್ಲಿ ಐಪಿ ಸಂಪರ್ಕಕ್ಕೆ ಶೇ. 25, ಜಾಲದ ಮೂಲತತ್ತ್ವಗಳಿಗೆ ಹಾಗೂ ಜಾಲ ಪ್ರವೇಶಕ್ಕೆ ತಲಾ ಶೇ. 20, ಭದ್ರತೆಗೆ ಶೇ. 15, ಐಪಿ ಸೇವೆಗಳಿಗೆ ಮತ್ತು ಸ್ವಯಂಚಾಲನೆಗೆ ತಲಾ ಶೇ. 10ರಷ್ಟು ಪಾಲು ಇದೆ. ಈ ಪ್ರಮಾಣವನ್ನೇ ಅನುಸರಿಸಿ ಓದಿನ ವೇಳೆಯನ್ನು ಹಂಚಿಕೊಳ್ಳುವುದು ಜಾಣತನ.

ಕಲಿತುದನ್ನು ಕೆಲಸದಲ್ಲಿ ಹುಡುಕುವುದು ಇನ್ನೂ ಮುಖ್ಯ. ಒಂದು ಸಹಕಾರಿ ಬ್ಯಾಂಕಿನ ಶಾಖೆಯಲ್ಲಿ 40 ಸಾಧನಗಳಿವೆ ಎಂದುಕೊಳ್ಳೋಣ. ಅದಕ್ಕೆ ಎಷ್ಟು ದೊಡ್ಡ ವಿಳಾಸ ಗುಂಪು ಬೇಕು? /26 ಎಂಬ ವಿಭಜನೆಯಲ್ಲಿ 64 ವಿಳಾಸಗಳಿರುತ್ತವೆ. ಮೊದಲನೆಯದು ಜಾಲದ ಹೆಸರಿಗೆ, ಕೊನೆಯದು ಎಲ್ಲರಿಗೂ ಸಂದೇಶ ಕಳಿಸುವುದಕ್ಕೆ ಮೀಸಲಾಗಿ, ಬಳಕೆಗೆ 62 ಉಳಿಯುತ್ತವೆ. ಎರಡು ರೂಟರ್‌ಗಳ ನಡುವಿನ ಕೊಂಡಿಗಾದರೆ ಬಳಸಲು ಎರಡೇ ವಿಳಾಸ ಉಳಿಯುವ /30 ಸಾಕು. ಇದೇ ರೀತಿ ನಗದು ಕೌಂಟರಿನ ಕಂಪ್ಯೂಟರುಗಳನ್ನು ಗ್ರಾಹಕರ ವೈ-ಫೈನಿಂದ ಬೇರ್ಪಡಿಸುವುದು ‘ವಿಎಲ್ಎಎನ್’ ಪಾಠ. ಪುಸ್ತಕದಲ್ಲಿ ಓದಿದ ಈ ಲೆಕ್ಕವನ್ನು ದಿನನಿತ್ಯ ನೋಡುವ ಕಚೇರಿಗೆ ಅನ್ವಯಿಸಿ ಕಾಗದದ ಮೇಲೆ ಬಿಡಿಸುವವನಿಗೆ ಪರೀಕ್ಷೆಯೂ ಸಂದರ್ಶನವೂ ಕಠಿಣವೆನಿಸುವುದಿಲ್ಲ.

ಎರಡನೆಯ ವರ್ಷ: ಅನುಭವ

ಹಲವರು ಎಡವುವುದು ಇಲ್ಲಿಯೇ. ಸಿಸಿಎನ್‌ಎ ಕೈಸೇರಿದೊಡನೆ ಮತ್ತೊಂದು, ಮಗದೊಂದು ಪರೀಕ್ಷೆಗೆ ಹಣ ಕಟ್ಟುತ್ತಾರೆ. ಸಂದರ್ಶನದಲ್ಲಿ ‘ಜಾಲ ನಿಂತುಹೋದ ದಿನ ನೀವೇನು ಮಾಡಿದಿರಿ’ ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಎರಡನೆಯ ವರ್ಷದ ಗುರಿಯಲ್ಲಿ ಪರೀಕ್ಷೆ ಇರದಿದ್ದರೂ ನಷ್ಟವಿಲ್ಲ. ಅದರ ಬದಲು ಅಳೆಯಬಹುದಾದ ಮೂರು ಕೆಲಸಗಳನ್ನು ಬರೆದಿಟ್ಟುಕೊಳ್ಳಬೇಕು. ಮೊದಲನೆಯದು, ತಾನು ನೋಡಿಕೊಳ್ಳುವ ಜಾಲದ ಪೂರ್ಣ ನಕಾಶೆ ತಯಾರಿಸುವುದು. ಎರಡನೆಯದು, ಬಂದ ಪ್ರತಿಯೊಂದು ದೂರಿನ ಲಕ್ಷಣ, ಕಾರಣ, ಪರಿಹಾರ ಹಾಗೂ ಹಿಡಿದ ಸಮಯವನ್ನು ಒಂದು ವಹಿಯಲ್ಲಿ ದಾಖಲಿಸುವುದು. ಮೂರನೆಯದು, ಪೈಥಾನ್ ಭಾಷೆಯಲ್ಲಿ ಒಂದು ಸಣ್ಣ ಕಾರ್ಯಕ್ರಮ ಬರೆದು, ಎಲ್ಲ ಸ್ವಿಚ್‌ಗಳ ಸಂರಚನೆ ಪ್ರತಿ ರಾತ್ರಿ ತಾನಾಗಿಯೇ ನಕಲಾಗಿ ಉಳಿಯುವಂತೆ ಮಾಡುವುದು. ಇಂಥ ಕೆಲಸಗಳಿಗೆ ಮೇಲಧಿಕಾರಿಯ ಒಪ್ಪಿಗೆ ಪಡೆಯುವುದನ್ನು ಮರೆಯಬಾರದು.

ಹುಬ್ಬಳ್ಳಿಯ ಐಟಿ ಪಾರ್ಕ್‌ಗಾಗಲೀ ಬೆಂಗಳೂರಿನ ಜಾಲ ನಿಗಾ ಕೇಂದ್ರಗಳಿಗಾಗಲೀ ಅರ್ಜಿ ಹಾಕಲು ಇದು ಸಕಾಲ. ನಿಗಾ ಕೇಂದ್ರಗಳಲ್ಲಿ ರಾತ್ರಿ ಪಾಳಿಯೂ ಇರುತ್ತದೆ. ದೇಹಕ್ಕೆ ಕಷ್ಟ, ಆದರೆ ಒಂದೇ ವರ್ಷದಲ್ಲಿ ನೂರಾರು ಬಗೆಯ ದೋಷಗಳನ್ನು ಕಾಣುವ ಅವಕಾಶ ಅಲ್ಲಿ ದೊರೆಯುತ್ತದೆ.

ಮೂರನೆಯ ವರ್ಷ: ನವೀಕರಣವೂ ಬಡ್ತಿಯೂ

ಸಿಸಿಎನ್‌ಎ ಉಳಿಸಿಕೊಳ್ಳಲು ಮೂರು ದಾರಿಗಳಿವೆ. ಅದೇ ಪರೀಕ್ಷೆಯನ್ನು ಅಥವಾ ಅದೇ ಹಂತದ ಇನ್ನೊಂದನ್ನು ಬರೆಯಬಹುದು. ಮೂರು ವರ್ಷಗಳಲ್ಲಿ ಮುಂದುವರಿದ ಶಿಕ್ಷಣದ 30 ಅಂಕಗಳನ್ನು, ಅಂದರೆ ವರ್ಷಕ್ಕೆ 10ರಂತೆ, ಸಂಪಾದಿಸಬಹುದು. ಅಥವಾ ಸಿಸಿಎನ್‌ಪಿಯ ಎರಡು ಪರೀಕ್ಷೆಗಳಲ್ಲಿ ಒಂದನ್ನು ಉತ್ತೀರ್ಣರಾಗಬಹುದು.

ನಮ್ಮ ಉದಾಹರಣೆಯ ಯುವಕ 2026ರ ಡಿಸೆಂಬರ್‌ನಲ್ಲಿ ಸಿಸಿಎನ್‌ಎ ಮುಗಿಸಿದ್ದರೆ 2029ರ ಡಿಸೆಂಬರ್‌ವರೆಗೆ ಅದಕ್ಕೆ ಮಾನ್ಯತೆ. ಅವಧಿ ಮುಗಿಯುವ ಮುನ್ನ 300 ಡಾಲರ್ ಕೊಟ್ಟು ಅದೇ ಪರೀಕ್ಷೆಯನ್ನು ಬರೆದರೆ ಇದ್ದಲ್ಲಿಯೇ ಇರುತ್ತಾನೆ. ಅದರ ಬದಲು 400 ಡಾಲರ್‌ಗಳ ಪ್ರಧಾನ ಪರೀಕ್ಷೆಯನ್ನು ಬರೆದರೆ ಸಿಸಿಎನ್‌ಎ ಇನ್ನೂ ಮೂರು ವರ್ಷ ಮುಂದುವರಿಯುತ್ತದೆ, ಜೊತೆಗೆ ಸಿಸಿಎನ್‌ಪಿಯ ಅರ್ಧ ದಾರಿಯೂ ಸವೆಯುತ್ತದೆ. ಹೆಚ್ಚುವರಿ 100 ಡಾಲರ್‌ಗಳಿಗೆ ಒಂದು ಮೆಟ್ಟಿಲು ಮೇಲೇರಿದಂತೆ. ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡವರಿಗೆ ಮಾತ್ರ ಈ ಲಾಭ ಸಾಧ್ಯ.

ನಾಲ್ಕನೆಯ ವರ್ಷದಿಂದ: ದಾರಿ ಕವಲೊಡೆಯುವುದು

ಈ ಹಂತದಲ್ಲಿ ಯಾವ ವಿಷಯದಲ್ಲಿ ಆಳಕ್ಕಿಳಿಯಬೇಕೆಂದು ತೀರ್ಮಾನಿಸಬೇಕಾಗುತ್ತದೆ. ಸೇವಾದಾರರ ದೊಡ್ಡ ಜಾಲಗಳು, ಭದ್ರತೆ, ಕ್ಲೌಡ್, ಸ್ವಯಂಚಾಲನೆ, ಇವು ಪ್ರಮುಖ ಕವಲುಗಳು. ಬ್ಯಾಂಕಿನಲ್ಲಿರುವವರಿಗೆ ಭದ್ರತೆ, ಭಾರತ್‌ನೆಟ್‌ನಂಥ ಯೋಜನೆಗಳಲ್ಲಿ ದುಡಿಯುವವರಿಗೆ ಸೇವಾದಾರರ ಜಾಲದ ತಂತ್ರಜ್ಞಾನ, ಸಾಫ್ಟ್‌ವೇರ್ ಕಂಪನಿಯಲ್ಲಿರುವವರಿಗೆ ಕ್ಲೌಡ್ ಹೆಚ್ಚು ಹೊಂದುತ್ತದೆ. ಕೈಯಲ್ಲಿರುವ ಕೆಲಸಕ್ಕೂ ಓದುವ ವಿಷಯಕ್ಕೂ ನಂಟಿದ್ದರೆ ಕಲಿಕೆ ಮರೆಯುವುದಿಲ್ಲ, ಶುಲ್ಕವನ್ನು ಕಂಪನಿಯೇ ಭರಿಸುವ ಸಾಧ್ಯತೆಯೂ ಹೆಚ್ಚು.

ಸಿಸಿಐಇ ಎಂಬುದು ಎಂಟು ಗಂಟೆಗಳ ಪ್ರಾಯೋಗಿಕ ಪರೀಕ್ಷೆ. ಮೊದಲ ಮೂರು ಗಂಟೆ ಜಾಲದ ವಿನ್ಯಾಸ, ಉಳಿದ ಐದು ಗಂಟೆ ಅದನ್ನು ಕಟ್ಟಿ ನಡೆಸುವ ಕೆಲಸ. ಇದನ್ನು ವರ್ಷವೊಂದರ ಗುರಿಯಾಗಿ ಇಟ್ಟುಕೊಳ್ಳುವುದಕ್ಕಿಂತ ಎರಡು ವರ್ಷಗಳ ಗುರಿಯೆಂದು ತಿಳಿಯುವುದು ಲೇಸು. ಎಲ್ಲರಿಗೂ ಇದು ಅಗತ್ಯವೂ ಅಲ್ಲ.

ಎಚ್ಚರಿಕೆ ವಹಿಸಬೇಕಾದ ಸಂಗತಿಗಳು

‘ಶೇ. 100 ಉದ್ಯೋಗ ಖಾತರಿ’ ಎಂದು ಜಾಹೀರಾತು ನೀಡುವ ತರಬೇತಿ ಕೇಂದ್ರಗಳಿಗೆ ಹಣ ಕಟ್ಟುವ ಮುನ್ನ ಖಾತರಿಯ ಷರತ್ತುಗಳನ್ನು ಬರಹದಲ್ಲಿ ಕೇಳಬೇಕು. ಅಲ್ಲಿ ಕಲಿತು ಕೆಲಸಕ್ಕೆ ಸೇರಿದ ಇಬ್ಬರನ್ನಾದರೂ ಮಾತನಾಡಿಸಬೇಕು. ಪರೀಕ್ಷೆಯ ಪ್ರಶ್ನೋತ್ತರಗಳನ್ನೇ ಕದ್ದು ಮಾರುವ ‘ಡಂಪ್’ಗಳಿಂದ ದೂರವಿರಬೇಕು. ಅವನ್ನು ಬಳಸಿದ್ದು ಸಾಬೀತಾದರೆ ಫಲಿತಾಂಶ ರದ್ದಾಗುವುದಲ್ಲದೆ ಮುಂದಿನ ಪರೀಕ್ಷೆಗಳಿಗೂ ನಿಷೇಧ ಬೀಳಬಹುದು. ಒಂದು ವೇಳೆ ಸಿಕ್ಕಿಬೀಳದಿದ್ದರೂ ಸಂದರ್ಶನದ ಐದನೆಯ ನಿಮಿಷದಲ್ಲಿ ಬಣ್ಣ ಬಯಲಾಗುತ್ತದೆ.

ಮನೆಯಿಂದಲೇ ಆನ್‌ಲೈನ್ ಪರೀಕ್ಷೆ ಬರೆಯುವ ಸೌಲಭ್ಯವಿದೆ. ಆದರೆ ವಿದ್ಯುತ್ ಯಾವಾಗ ಕೈಕೊಡುತ್ತದೆಂದು ಹೇಳಲಾಗದ ಊರುಗಳಲ್ಲಿ ಆ ಸಾಹಸ ಬೇಡ. ಬಸ್ ಹಿಡಿದು ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವುದೇ ಕ್ಷೇಮ.

ಇಂಗ್ಲಿಷಿನ ಭಯವೂ ಒಂದು ಅಡ್ಡಿ. ಪ್ರಶ್ನೆಗಳು ಇಂಗ್ಲಿಷಿನಲ್ಲಿರುತ್ತವೆ ಎಂಬುದು ನಿಜ. ಆದರೆ ವಿಷಯವನ್ನು ಮೊದಲು ಕನ್ನಡದಲ್ಲಿ ಸ್ನೇಹಿತರಿಗೆ ವಿವರಿಸಿ, ಆನಂತರ ಅದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯುವ ರೂಢಿ ಮಾಡಿಕೊಂಡರೆ ಒಂದು ವರ್ಷದಲ್ಲಿ ಈ ಭಯ ಬಹುಮಟ್ಟಿಗೆ ಕಳೆಯುತ್ತದೆ. ತಾನು ಅರ್ಥ ಮಾಡಿಕೊಂಡುದನ್ನು ಅಜ್ಜಿಗೂ ತಿಳಿಯುವಂತೆ ಹೇಳಬಲ್ಲವನು ಪರೀಕ್ಷಕನಿಗೆ ಹೇಳಲಾರನೇ?

ಯುಗಾದಿಗೊಮ್ಮೆ ಲೆಕ್ಕ

ವರ್ಷಕ್ಕೊಮ್ಮೆ, ಬೇಕಿದ್ದರೆ ಯುಗಾದಿಯ ದಿನ, ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆಯುವುದು ಸಾಕು. ಕಳೆದ ವರ್ಷ ನಾನು ಸ್ವತಃ ಮಾಡಬಲ್ಲವನಾದ ಹೊಸ ಕೆಲಸ ಯಾವುದು? ಈ ವರ್ಷ ಕಲಿಯಬೇಕಾದುದು ಯಾವುದು, ಅದರ ಬಳಕೆ ಎಲ್ಲಿ? ಯಾವ ಸರ್ಟಿಫಿಕೇಟಿನ ಅವಧಿ ಯಾವಾಗ ಮುಗಿಯುತ್ತದೆ? ಅದಕ್ಕೆ ಎಷ್ಟು ಹಣ, ಎಷ್ಟು ಗಂಟೆ ಬೇಕು? ಎರಡನೆಯ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಆ ಪರೀಕ್ಷೆಯನ್ನು ಮುಂದೂಡುವುದೇ ಒಳಿತು.

ಐದಾರು ವರ್ಷ ಬೆಂಗಳೂರಿನಲ್ಲಿ ದುಡಿದು ಊರಿಗೆ ಮರಳುವ ಆಸೆ ಇರುವವರು ಅದನ್ನೂ ಗುರಿಯ ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕು. ಶಾಲೆ, ಆಸ್ಪತ್ರೆ, ಸಹಕಾರಿ ಸಂಘಗಳ ಜಾಲಗಳನ್ನು ವಾರ್ಷಿಕ ಒಪ್ಪಂದದ ಮೇಲೆ ನಿರ್ವಹಿಸುವ ಒಂದು ಸಣ್ಣ ಕಚೇರಿಯನ್ನು ಗದಗಿನಲ್ಲಿಯೋ ಲಕ್ಷ್ಮೇಶ್ವರದಲ್ಲಿಯೋ ತೆರೆಯುವುದು ಅಸಾಧ್ಯದ ಮಾತಲ್ಲ. ಅಂಥವರು ನಾಲ್ಕಾರು ಮಂದಿ ಪ್ರತಿ ತಾಲೂಕಿನಲ್ಲಿದ್ದರೆ ಶಿರಹಟ್ಟಿಯ ರೈತ ಒಂದು ಪಹಣಿಗಾಗಿ ಎರಡು ಸಲ ಬಸ್ ಹತ್ತುವ ದಿನಗಳು ಕಡಿಮೆಯಾದಾವು.